ನೂರರ ನೋಟಿನ ಹಳದಿ

ಕಾಕಾನ ಎಡಗಣ್ಣಿನ ಸುತ್ತ ದುಂಡನೆಯದೊಂದು ಗೆರೆ ಕೊರೆದು ಕೂತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿಯನ್ನು ದಿನವಿಡೀ ಹಾಕಿಕೊಂಡದ್ದರ ಗುರುತು ಅದು. ಅದನ್ನು ತೆಗೆದಿಟ್ಟು ಊಟಕ್ಕೆ ಕೂತಾಗಲೂ ಆ ಕಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ತನ್ನನ್ನು ಒಂದೇ ಕಣ್ಣಿಂದ ನೋಡುತ್ತಾರೆ, ಇನ್ನೊಂದು ಹಳೇ ನೋಟಿಗೆ ಮೀಸಲು ಎಂದು ಅವರ ಹೆಂಡತಿ, ನಮ್ಮ ಕಾಕು, ಬದುಕಿರುವವರೆಗೂ ಚುಚ್ಚುತ್ತಿದ್ದಳು.

ನನ್ನಪ್ಪನ ತಮ್ಮ. ಬೈಲಹೊಂಗಲದ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದವರು. ಗಿರಾಕಿಗೆ ಸೀರೆ ಮನಸ್ಸಿಗೆ ಬಂದರೂ ಒಳಗೆ ಲೈಟಿನ ಕೆಳಗೆ ಕಟ್ಟಿ ಕೊಡುತ್ತಿರಲಿಲ್ಲ. ಹೊರಗಿನ ಕಟ್ಟೆಗೆ ಕರೆದು ಬಿಸಿಲಿಗೆ ಹಿಡಿದು, "ಈಗ ನೋಡ್ಕೋರಿ, ಆಮ್ಯಾಲ ನನ್ನ ಬೈಬ್ಯಾಡ್ರಿ" ಎನ್ನುತ್ತಿದ್ದರು. ಅಂಗಡಿ ಬಿಟ್ಟ ಮೇಲೆ, ಮೊದಲಿನಿಂದ ಇದ್ದ ಹಳೇ ನೋಟುಗಳ ಹುಚ್ಚು ನೆತ್ತಿಗೇರಿತು. ನೋಟುಗಳದೊಂದು ಕ್ಯಾಟಲಾಗ್ ಕನ್ನಡದಲ್ಲಿ ತರುತ್ತೇನೆಂದು ಹೊರಟರು. ಟೈಪು ಮಾಡುವ ಕೆಲಸ ನನ್ನ ತಲೆಗೆ ಬಂತು.

ಆ ಪುಸ್ತಕದ ಜಗಳವೆಲ್ಲ ಒಂದೇ. ಒಂದರಂತೆ ಒಂದಿರುವ ಎರಡು ನೋಟಿಗೆ ಬೇರೆ ಬೇರೆ ನಂಬರು ಕೊಡುವುದು ಯಾವಾಗ? ಸಹಿ ಬದಲಾದರೆ ಬೇರೆ ನಂಬರು, ಅದಕ್ಕೆ ಯಾರ ತಕರಾರೂ ಇಲ್ಲ. ಬರೀ ಇಸವಿ ಬದಲಾದರೆ ಅದೇ ನಂಬರಿನ ಕೆಳಗೆ ಒಂದು ಸಾಲು. ಆದರೆ ಬಣ್ಣದ ವ್ಯತ್ಯಾಸವನ್ನು ಬಲ್ಲವರು ನಂಬುವುದಿಲ್ಲ. ಬಿಸಿಲು, ಬೆವರು, ಎಣ್ಣೆಗೈ ನೋಟಿಗೆ ಏನು ಬೇಕಾದರೂ ಮಾಡಬಹುದು. ಕಾಕಾ ಕೇಳುತ್ತಿರಲಿಲ್ಲ. ಜನ್ಮವಿಡೀ ಬಣ್ಣ ಮಾರಿದವನಿಗೆ ಮಾಸಿದ್ದು ಯಾವುದು, ಹುಟ್ಟಾ ಬೇರೆ ಯಾವುದು ತಿಳಿಯದೇ ಎಂದು ಗದರುತ್ತಿದ್ದರು.

ಒಂದು ದಿನ ಹಳೆಯ ನೂರರ ನೋಟುಗಳ ಒಂದು ಕಂತೆಯಲ್ಲಿ ಅವರಿಗೆ ಹಳದಿ ಛಾಯೆಯ ಕಾಗದ ಕಂಡಿತು. ಯಾವ ಪುಸ್ತಕದಲ್ಲೂ ಇಲ್ಲದ ನೋಟು. ಅದಕ್ಕೆ ಬೇರೆ ನಂಬರು ಕೊಟ್ಟರು. ಧಾರವಾಡದಲ್ಲಿ ಸಂಗ್ರಹಕಾರರು ಸೇರಿದಾಗ ತೋರಿಸಿದರೆ ಎಲ್ಲರೂ ಹೌದೆಂದರು. ರಾಮದುರ್ಗದ ಮಾಸ್ತರರಂತೂ, ಇವರ ಹಳೇ ಗೆಳೆಯರು, ತಮ್ಮ ತಂದೆ ಕಾಪಿಟ್ಟಿದ್ದ ಒಂದು ಅಪರೂಪದ ನೋಟು ಕೊಟ್ಟು ಆ ಹಳದಿಯಲ್ಲೊಂದನ್ನು ಪಡೆದರು. ಕಾಕಾನಿಗೆ ಅಷ್ಟು ಸಂತೋಷವಾದದ್ದನ್ನು ನಾನು ಮತ್ತೆ ಕಾಣಲಿಲ್ಲ.

ಅದೇ ಕಂತೆಯ ಇನ್ನೊಂದು ಹಳದಿಯನ್ನೂ ಮಾಮೂಲಿ ಬಿಳಿ ಕಾಗದದ ನೂರರದನ್ನೂ ಜೊತೆಗಿಟ್ಟು ಪುಸ್ತಕಕ್ಕೆಂದು ನಾನು ಫೋಟೋ ತೆಗೆದೆ. ಫೋಟೋದಲ್ಲಿ ಎರಡೂ ಒಂದೇ. ಹೇಳಿದರೆ ರೇಗಿದರು. ಆಗ ಅವರು ನೋಡುವ ರೀತಿಯನ್ನು ಗಮನಿಸಿದೆ. ಮೊದಲೇ ಸಂಗ್ರಹದಲ್ಲಿದ್ದ ನೋಟು ಹಲಗೆಯ ಮೇಲೆ, ಹೊಸದಾಗಿ ಸಿಕ್ಕಿದ್ದು ಕೈಯಲ್ಲಿ. ಇದು ಅವರು ಎಂದೂ ಮುರಿಯದ ಪದ್ಧತಿ. ಕೈಯಲ್ಲಿದ್ದುದನ್ನು ಎಡಗಣ್ಣಿನ ಗಾಜಿನಿಂದ, ಹಲಗೆಯ ಮೇಲಿನದನ್ನು ಬರಿಯ ಬಲಗಣ್ಣಿನಿಂದ ನೋಡುತ್ತಿದ್ದರು. ನಾನು ಸುಮ್ಮನೆ ನೋಟುಗಳನ್ನು ಅದಲು ಬದಲು ಮಾಡಿ ಕೊಟ್ಟೆ. ಕೈಯಲ್ಲಿದ್ದುದನ್ನೇ ಹಳದಿ ಎಂದರು. ಅದು ಮೊದಲಿನಿಂದಲೂ ಬಿಳಿ ಎನ್ನುತ್ತಿದ್ದ ನೋಟು.

ಕಾಕಾ ಗಾಜು ತೆಗೆದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದನ್ನು ಮುಚ್ಚಿ ನೋಡಿದರು.

"ನೋಟು ಒಂದ ಐತವ್ವಾ. ಹಳದಿ ನನ್ನ ಕಣ್ಣಾಗ ಐತಿ."

ಇರಲಿ ಬಿಡು, ಉಳಿದವರಿಗೂ ಕಂಡಿದೆಯಲ್ಲ ಎಂದೆ.

"ನಾ ಹೇಳೀನಂತ ಕಂಡೈತಿ ಅವರಿಗೆ," ಎಂದು ಆ ನಂಬರನ್ನು ತಾವೇ ಅಳಿಸಿಹಾಕಿಸಿದರು. ಎಲ್ಲರಿಗೂ ಫೋನು ಮಾಡಿ ತಪ್ಪಾಯಿತೆಂದರು. ಕೆಲವರು ನಕ್ಕರು, ಕೆಲವರು ಬೈದರು. ಮಾಸ್ತರರ ನೋಟನ್ನು ವಾಪಸು ಕೊಡಲು ಸವದತ್ತಿಯ ಮೇಲೆ ಹಾಯ್ದು ರಾಮದುರ್ಗಕ್ಕೆ ಬಸ್ಸಿನಲ್ಲಿ ಹೋದೆವು. ಮಾಸ್ತರರು ಕೈ ಚಾಚಲಿಲ್ಲ.

"ನನಗ ಇನ್ನೂ ಹಳದೀನ ಕಾಣಸ್ತೈತ್ರಿ," ಎಂದು ಒಳಗೆ ಹೋದವರು ಹೊರಗೆ ಬರಲಿಲ್ಲ. ಕಾಕಾ ನೋಟನ್ನು ಕುರ್ಚಿಯ ಮೇಲಿಟ್ಟು ಎದ್ದರು. ಮತ್ತೆ ಅವರಿಬ್ಬರು ಮಾತಾಡಲಿಲ್ಲ.

ಧಾರವಾಡದ ಕಣ್ಣಿನ ಡಾಕ್ಟರರು ಎಲ್ಲವನ್ನೂ ಹಳದಿ ಮಾಡಿದ್ದ ಎಡಗಣ್ಣಿನ ಪೊರೆ ತೆಗೆದರು. ಪೊರೆಯ ಹಿಂದೆ ಶುಗರ್ ಕಾಯಿಲೆ ಕಣ್ಣನ್ನು ಆಗಲೇ ತಿಂದು ಮುಗಿಸಿತ್ತು. ಪುಸ್ತಕ ಮುಗಿಯಲಿ ಎಂದು ಡಾಕ್ಟರರ ಬಳಿ ಹೋಗುವುದನ್ನು ಮುಂದೂಡುತ್ತ ಬಂದವರಿಗೆ ಇನ್ನೇನಾದೀತು. ಬಲಗಣ್ಣೂ ಅದರ ಹಿಂದೆಯೇ ಹೋಯಿತು. ಅಷ್ಟರೊಳಗೆ ಬಣ್ಣದ ಮೇಲೆ ಕೊಟ್ಟ ನಂಬರುಗಳನ್ನೆಲ್ಲ ನನ್ನಿಂದ ತೆಗೆಸಿದ್ದರು. ಅವುಗಳಲ್ಲಿ ಕೆಲವಾದರೂ ಖರೆ ಇರಬಹುದಿತ್ತು. ಯಾವುವೆಂದು ಇನ್ನು ನೋಡಿ ಹೇಳುವವರಾರು?

ಆಮೇಲೆ ಕಿಡ್ನಿ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಆ ಎರಡು ನೂರರ ನೋಟು ತರಿಸಿಕೊಂಡರು. ಮಾಸ್ತರರು ತಮ್ಮದನ್ನು ಮರಳಿಸಿರಲಿಲ್ಲ, ಇವು ನಾನು ಫೋಟೋ ತೆಗೆದ ಜೋಡಿ. ಕುರುಡುಗಣ್ಣಿನ ಮುಂದೆ ಒಂದೊಂದಾಗಿ ಹಿಡಿದು, ನನ್ನ ಕೈಗೆ ಕೊಟ್ಟು ಕಿಟಕಿಯ ಬೆಳಕಿಗೆ ಕಳಿಸಿದರು.

"ಖರೇ ಹೇಳವ್ವಾ, ಒಂದೀಟರೆ ಹಳದಿ ಐತೇನು?"

ದನಿಯಲ್ಲಿದ್ದ ಆಸೆ ನನಗೆ ಕೇಳಿಸಿತು. ಒಂದು ಸುಳ್ಳಿಗೆ ಖರ್ಚೇನಿತ್ತು? ಬಾಯಿಗೆ ಬಂದಿತ್ತು ಕೂಡ.

"ಇಲ್ಲ ಕಾಕಾ," ಎಂದೆ. "ಎರಡೂ ಒಂದ ಅದಾವು."

ತಲೆಯಾಡಿಸಿ, ಹತ್ತಿರ ಬಂದ ನನ್ನ ತಲೆಯನ್ನು ಕೈಯೆತ್ತಿ ಸವರಿದರು. ಅವತ್ತೇ ಸಂಜೆ ಹೋದರು.