ನೋಂದಣಿಗೆ ಮೊದಲೇ ಏರಿದ ಬೋರ್ಡು

ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಆಗಲೂ ಈಗಿನಂತೆ ನಾನು ಮ್ಯಾನ್‌ಹೈಮ್‌ನಲ್ಲಿ ನನ್ನದೇ ಸಣ್ಣ ಸ್ಟ್ರಕ್ಚರಲ್ ಇಂಜಿನಿಯರಿಂಗ್ ಕಂಪನಿ ನಡೆಸುತ್ತಿದ್ದೆ. ಕಟ್ಟಡ ಭಾರ ತಡೆಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ಸಹಿ ಮಾಡುವುದು ನಮ್ಮ ಕೆಲಸ. ನಾನು ಧಾರವಾಡದವಳು. ನಮ್ಮ ಕಡೆ ಡಿಗ್ರಿ ಕೈಗೆ ಬರುವ ಮೊದಲೇ ಓಣಿಯವರು ‘ಇಂಜಿನಿಯರ್ ಬಾಯಾರು’ ಎಂದು ಕರೆಯಲು ಶುರು ಮಾಡಿರುತ್ತಾರೆ. ಜರ್ಮನಿಯಲ್ಲಿ ಅದು ನಡೆಯದು. ಕಂಪನಿಯ ಹೆಸರಿನಲ್ಲಿ ‘ಇಂಜಿನಿಯರ್’ ಎಂದು ಬರೆಯಬೇಕಾದರೆ ರಾಜ್ಯದ ಇಂಜಿನಿಯರುಗಳ ಮಂಡಳಿ, ಇಲ್ಲಿಯವರ ಬಾಯಲ್ಲಿ ‘ಕಾಮರ್’, ನಿಮ್ಮನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿರಬೇಕು. ರಾಜ್ಯಕ್ಕೊಂದು ಕಾನೂನು, ರಾಜ್ಯಕ್ಕೊಂದು ಕಾಮರ್. ಟ್ರಾಮ್ ಹತ್ತಿ ರೈನ್ ನದಿ ದಾಟಿದರೆ ಸಿಗುವ ಲುಡ್ವಿಗ್ಸ್‌ಹಾಫೆನ್ ಊರು ಬೇರೆ ರಾಜ್ಯದ್ದು.

ಅಲ್ಲಿ ಒಂದು ಶಾಲೆಯ ಕ್ರೀಡಾ ಹಾಲ್‌ಗೆ ಹೊಸ ಛಾವಣಿ ಹಾಕುವ ಕೆಲಸ ನಮಗೆ ಸಿಗುವುದರಲ್ಲಿತ್ತು. ಅದಕ್ಕೆಂದೇ ಶಾಖೆ ತೆರೆಯಲು ಹೊರಟೆವು. ಶಾಖೆಯ ಮುಖ್ಯಸ್ಥ ರಿಜ್ವಾನ್, ವಿಜಯಪುರದ ಹುಡುಗ, ಲೆಕ್ಕದಲ್ಲಿ ನನಗಿಂತ ಗಟ್ಟಿ. ನನ್ನ ಮಾತು ನಂಬಿ ಮ್ಯೂನಿಕ್‌ನ ಕಾಯಂ ನೌಕರಿ ಬಿಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ಬಂದಿದ್ದ. ಶಾಖೆಯನ್ನು ಪಟ್ಟಿಗೆ ಸೇರಿಸಿಕೊಳ್ಳಿರೆಂದು ಅಲ್ಲಿಯ ಕಾಮರ್‌ಗೆ ಕೊಟ್ಟ ಅರ್ಜಿಯಲ್ಲಿ ಅವನ ಹೆಸರೂ ಇತ್ತು. ಕಾಮರ್ ಒಮ್ಮೆ ಅವನನ್ನು ‘ನಂಬಿಕೆಗೆ ಅರ್ಹನಲ್ಲ’ ಎಂದು ಬರೆದುಬಿಟ್ಟರೆ ಮುಂದೆ ಎಲ್ಲಿಯೂ ಅವನ ಸಹಿಗೆ ಬೆಲೆ ಸಿಗುವುದು ಕಷ್ಟವಾಗುತ್ತಿತ್ತು.

ಅರ್ಜಿ ಇನ್ನೂ ಪರಿಶೀಲನೆಯಲ್ಲಿತ್ತು. ಆಗ ನಮ್ಮ ಅತ್ತೆ ಊರಿನಿಂದ ಬಂದಿದ್ದರು. “ನಾ ಹೋಗೂದ್ರೊಳಗ ಒಂದು ಕಾಯಿ ಒಡದು ಬೋರ್ಡ್ ಹಚ್ಚಿಬಿಡ್ರಿ. ಬುಧವಾರ ಭಾಳ ಚೊಲೊ ಮುಹೂರ್ತ ಐತಿ” ಎಂದರು.

“ಬ್ಯಾಡ್ರಿ ಮೇಡಂ” ಎಂದ ರಿಜ್ವಾನ್. “ಪೂಜಾ ಬೇಕಾದ್ರ ಮಾಡ್ರಿ, ನಾನೂ ಬರ್ತೀನಿ. ಬೋರ್ಡ್ ಮಾತ್ರ ಬ್ಯಾಡ. ಅದರಾಗ ‘ಇಂಜಿನಿಯರ್’ ಅಂತ ಐತಿ, ನಾವಿನ್ನೂ ಪಟ್ಟಿಗೆ ಸೇರಿಲ್ಲ.”

“ಏನೂ ಆಗೂದಿಲ್ಲ ಬಿಡಪಾ, ಮ್ಯಾಲೊಂದು ಅರಿವಿ ಮುಚ್ಚಿದ್ರಾತು” ಎಂದು ನಾನು ನಕ್ಕುಬಿಟ್ಟೆ.

ಬುಧವಾರ ಎರಡೂ ದಂಡೆಯ ಕನ್ನಡದ ಮನೆಗಳವರು ಹೊಸ ಶಾಖೆಯ ಮುಂದೆ ಸೇರಿದರು. ಶಿರಾ, ಮಿರ್ಚಿ ಭಜಿ, ಚಹಾ. ಗೋಡೆಗೆ ಏರಿಸಿದ ಬೋರ್ಡಿನ ಮೇಲೆ ಕೆಂಪು ರೇಷ್ಮೆ ಬಟ್ಟೆ. ನಮ್ಮ ಜನರ ಮುಂದೆ ಬೋರ್ಡಿಗೆ ಬಟ್ಟೆ ಮುಚ್ಚಿದರೆ ಏನಾಗುತ್ತದೆಂದು ನನಗೆ ಹೊಳೆಯದೇ ಹೋಯಿತಲ್ಲ! “ಉದ್ಘಾಟನಾ ಮಾಡ್ರಿ ಅಜ್ಜೀರ!” ಎಂದು ಯಾರೋ ಕೂಗಿದರು. ಅತ್ತೆ ಬಟ್ಟೆ ಎಳೆದೇಬಿಟ್ಟರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಹಿಂದೆ ಸರಿಯುತ್ತಿದ್ದ ರಿಜ್ವಾನನ ತೋಳು ಹಿಡಿದು ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೊ ತೆಗೆಸಿದೆ. ಬಟ್ಟೆ ಮತ್ತೆ ಮುಚ್ಚಲಿಲ್ಲ. ಬೋರ್ಡು ಚಂದ ಕಾಣುತ್ತಿತ್ತು, ಮನಸ್ಸಾಗಲಿಲ್ಲ.

ಫೋಟೊ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿತು. ಯಾರೋ ದೂರು ಕೊಟ್ಟರು. ಕಾಮರ್‌ನಿಂದ ನಮ್ಮಿಬ್ಬರಿಗೂ ಕರೆ ಬಂತು.

ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ಮೃದು ಮಾತಿನವರು. ಕಾಫಿ ಕೊಟ್ಟು, ಅದೇ ಫೋಟೊ ಮುಂದಿಟ್ಟು ರಿಜ್ವಾನನನ್ನು ಕೇಳಿದರು: “ಶಾಖೆಯ ಮುಖ್ಯಸ್ಥರು ನೀವು. ಪಟ್ಟಿಗೆ ಸೇರಿಲ್ಲವೆಂದು ಗೊತ್ತಿದ್ದೂ ಇದರ ಕೆಳಗೆ ನಿಂತಿರಾ?”

ಅವನು ಬಾಯಿ ತೆರೆಯುವ ಮೊದಲೇ ನಾನು ಶುರು ಹಚ್ಚಿಕೊಂಡೆ. ನಮ್ಮ ಸಂಸ್ಕೃತಿ, ಶುಭ ಗಳಿಗೆ, ಹಿರಿಯರ ಮಾತು ಮೀರಬಾರದೆಂಬ ಪದ್ಧತಿ. ನನ್ನ ಜರ್ಮನ್ ಅವತ್ತು ಎಲ್ಲಿಯೂ ತಡವರಿಸಲಿಲ್ಲ. ಆಕೆ ಎಲ್ಲ ಕೇಳಿಸಿಕೊಂಡು, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದರು: “ಅಂದರೆ, ನಿಮ್ಮ ಕಡೆಯ ಇಂಜಿನಿಯರುಗಳೆಲ್ಲ ಹೀಗೆಯೇ ಮಾಡುತ್ತಾರೆಯೇ?”

ನನ್ನ ಮುಖ ಸುಟ್ಟ ಹಾಗಾಯಿತು. ರಿಜ್ವಾನ್ ನನ್ನ ಕಡೆ ತಿರುಗಿ, ದನಿ ಏರಿಸದೆ ಕನ್ನಡದಲ್ಲಿ ಹೇಳಿದ: “ಮೇಡಂ, ಪದ್ಧತಿ ಮ್ಯಾಲೆ ಹಾಕಬ್ಯಾಡ್ರಿ. ಅಜ್ಜಿ ಮ್ಯಾಲೂ ಹಾಕಬ್ಯಾಡ್ರಿ. ನಾ ಬ್ಯಾಡ ಅಂದಿದ್ದೆ. ನೀವು ಕೇಳಲಿಲ್ಲ, ಅಷ್ಟ.”

ಅಧಿಕಾರಿಗೆ ಭಾಷೆ ತಿಳಿಯಲಿಲ್ಲ. ನಾನು ಬೇರೇನಾದರೂ ಹೇಳಿ ತೇಲಿಸಬಹುದಿತ್ತು. ಆ ಯೋಚನೆ ಒಂದು ಕ್ಷಣ ಬಂತು ಕೂಡ, ಥೂ, ಅದನ್ನು ನೆನೆದರೆ ಇವತ್ತಿಗೂ ಅಸಹ್ಯ. ಕೊನೆಗೆ ಅವನು ಹೇಳಿದ್ದನ್ನೇ ಪದಕ್ಕೆ ಪದ ಜರ್ಮನ್‌ನಲ್ಲಿ ಹೇಳಿದೆ. ಬೋರ್ಡು ಏರಿಸಿದ್ದು ನಾನು, ಇವನನ್ನು ಎಳೆದು ನಿಲ್ಲಿಸಿದ್ದೂ ನಾನು ಎಂದೆ.

ಎಚ್ಚರಿಕೆ ನನ್ನ ಹೆಸರಿಗೆ ಬಂತು. ರಿಜ್ವಾನನ ಮೇಲೆ ಮಾತು ಬರಲಿಲ್ಲ. ಶಾಖೆಯ ನೋಂದಣಿ ಮಾತ್ರ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಛಾವಣಿಯ ಕೆಲಸ ಇನ್ನೊಬ್ಬರ ಪಾಲಾಯಿತು. ರಿಜ್ವಾನ್ ಪೂರ್ತಿ ಮುಗಿಸಿಟ್ಟಿದ್ದ ಲೆಕ್ಕ ಹಾಗೆಯೇ ಉಳಿಯಿತು.

ಭಾರವನ್ನು ಯಾವ ಕಂಬ ಹೊರುತ್ತದೆ ಎಂದು ಹೇಳುವುದೇ ನನ್ನ ಕಸುಬು. ನನ್ನ ಭಾರವನ್ನು ಅತ್ತೆಯ ಮೇಲೆ, ಊರಿನ ಮೇಲೆ, ಕೊನೆಗೆ ಈ ಹುಡುಗನ ಮೇಲೆ ಹೊರಿಸಲು ಹೊರಟಿದ್ದೆ. ನಮ್ಮ ಕೆಲಸದಲ್ಲಿ ಪರವಾನಗಿಯನ್ನು ರಾಜ್ಯ ಕೊಡುತ್ತದೆ. ಹೊಣೆಯನ್ನು ಮಾತ್ರ ಯಾರೂ ಕೇಳುವ ಮೊದಲೇ ನಾವೇ ಹೊರಬೇಕು. ಇಷ್ಟನ್ನು ಕಲಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಅವತ್ತು ಹೊರಗೆ ಬಂದಾಗ, “ತಪ್ಪಾತು ರಿಜ್ವಾನ್. ಒಳಗ ಹೇಳಿದೆನಲ್ಲ, ಇನ್ನ ನಿನಗೇನೂ ಆಗೂದಿಲ್ಲ” ಎಂದೆ.

“ಹೇಳಿದ್ರಿ ಮೇಡಂ” ಎಂದ ಅವನು. “ನಾ ಹೇಳಿದ ಮ್ಯಾಲೆ ಹೇಳಿದ್ರಿ.”