ತಂಗಿಗೆ ಕಳಿಸಿದ ಗೋಡು

ಭೇರ್ಯದ ಹತ್ತಿರ ನನ್ನದೊಂದು ಮೀನಿನ ಹೊಂಡ ಇದೆ. ಸತ್ತ ಮೀನನ್ನು ಸುಣ್ಣ ಹಾಕಿ ಆಳವಾಗಿ ಹೂಳುತ್ತೇನೆ. ಹೊಂಡದ ಕೊಳೆ ನೀರನ್ನು ನೇರವಾಗಿ ನಾಲೆಗೆ ಬಿಡುವುದಿಲ್ಲ, ಗುಂಡಿಯಲ್ಲಿ ನಿಲ್ಲಿಸಿ ತಿಳಿಯಾದ ಮೇಲೆ ತೆಂಗಿನ ಬುಡಕ್ಕೆ ತಿರುಗಿಸುತ್ತೇನೆ. ಸತ್ತ ಮೀನನ್ನು ನಾಲೆಗೆ ಎಸೆದವನ ಮನೆ ಮುಂದೆ ನಿಂತು ಬೈದು ಬಂದವನು ನಾನು. ಅಷ್ಟು ದೊಡ್ಡ ನಿಯಮಸ್ಥ!

ಹೋದ ವರ್ಷ ಮೀನಿನ ಮೈಮೇಲೆ ಹುಣ್ಣು ಕಾಣಿಸಿಕೊಂಡಿತು. ಹೊಂಡಕ್ಕೆ ಮೂಟೆಗಟ್ಟಲೆ ಉಪ್ಪು ಸುರಿದೆ, ಮೀನು ಉಳಿಯಿತು. ಬೇಸಿಗೆಯಲ್ಲಿ ನೀರು ಖಾಲಿ ಮಾಡಿದಾಗ ತಳದಲ್ಲಿ ತಿಂಡಿಯ ಉಳಿಕೆ, ಮೀನಿನ ಹಿಕ್ಕೆ ಎಲ್ಲಾ ಸೇರಿ ಕಪ್ಪನೆಯ ಗೋಡು ಕೂತಿತ್ತು. ಅದನ್ನು ಎತ್ತಿ ಅಂಗಳದ ಪಕ್ಕ ಒಣಗಲು ಹಾಕಿದೆ. ನಾತ ಅಂದರೆ ನಾತ. ಮನೆಯವಳು ದಿನಾ ಮೂಗು ಮುಚ್ಚಿಕೊಂಡು ನನ್ನ ಜೀವ ತಿಂದಳು.

ಉಪ್ಪು ಬಿದ್ದ ಹೊಂಡದ ಗೋಡು ತೆಂಗಿಗೆ ಆಗುತ್ತದೆ, ಹೊಗೆಸೊಪ್ಪಿಗೆ ಮಾತ್ರ ಹಾಕಬೇಡಿ, ಉಪ್ಪು ಹೀರಿ ಎಲೆ ಕೆಡುತ್ತದೆ ಎಂದು ಮೀನು ಸಾಕಣೆ ತರಬೇತಿಯಲ್ಲಿ ಹೇಳಿದ್ದರು. ನಾನು ಕಿವಿಯಾರೆ ಕೇಳಿದ್ದೆ. ಆದರೆ ನನ್ನ ನಾಲ್ಕು ತೆಂಗಿನ ಮರಕ್ಕೆ ಎಷ್ಟು ಅಂತ ಹಾಕಲಿ? ನನ್ನ ತಂಗಿಯನ್ನು ಹುಣಸೂರು ಕಡೆ, ವೀರನಹೊಸಹಳ್ಳಿ ಹಾದಿಯ ಒಂದು ಊರಿಗೆ ಕೊಟ್ಟಿದೆ. ಅವರದು ಹೊಗೆಸೊಪ್ಪಿನ ಬೇಸಾಯ. ಉಪ್ಪೆಲ್ಲ ನೀರಿನಲ್ಲೇ ಹೋಗಿರುತ್ತೆ ಬಿಡು ಎಂದು ನನಗೆ ನಾನೇ ಹೇಳಿಕೊಂಡು, ಟ್ರಾಕ್ಟರಿಗೆ ತುಂಬಿಸಿ ಅವಳಿಗೆ ಕಳಿಸಿಬಿಟ್ಟೆ. ಫೋನಿನಲ್ಲಿ "ತವರಿನ ಉಡುಗೊರೆ ಕಣವ್ವ" ಎಂದೆ. ಥೂ, ನನ್ನ ಬಾಯಿಗಿಷ್ಟು! ಬಾಗಿಲ ನಾತ ತೊಲಗಿದರೆ ಸಾಕಾಗಿತ್ತು ನನಗೆ.

ಗೋಡು ಹಾಕಿದ ಹೊಲದಲ್ಲಿ ಪೈರು ಸೊಂಪಾಗಿ ಬಂತು. ಕೆಟ್ಟದ್ದು ಗೊತ್ತಾಗಿದ್ದು ಬೆಂಕಿಯ ಶಾಖದಲ್ಲಿ ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯಿಂದ ಎಲೆ ಇಳಿಸಿದ ಮೇಲೆ. ಹೊಂಬಣ್ಣ ಬರಬೇಕಾದ ಎಲೆ ಮಂಕಾಗಿ, ಎಷ್ಟು ಒಣಗಿಸಿದರೂ ತೇವ ತೇವ. ಹರಾಜಿನಲ್ಲಿ ಕೊಳ್ಳುವವನು ಎಲೆಗೆ ಬೆಂಕಿ ತಾಗಿಸಿ ನೋಡಿದರೆ ಅದು ಉರಿಯದೆ ಆರಿಹೋಯಿತಂತೆ. ಯಾರೂ ಬೆಲೆ ಕೂಗಲಿಲ್ಲ.

ತಂಗಿಯ ಗಂಡ, ನನ್ನ ಭಾವ, ಸೊಪ್ಪು ಬೇಯಿಸುವುದರಲ್ಲಿ ಎತ್ತಿದ ಕೈ. ಬೆಂಕಿ ಯಾವಾಗ ಏರಿಸಬೇಕೆಂದು ಊರವರೆಲ್ಲ ಅವರನ್ನೇ ಕರೆದುಕೊಂಡು ಹೋಗುತ್ತಿದ್ದರು. ಅಂಥವರು ಸೊಪ್ಪು ಕೆಡಿಸಿದರು ಎಂದು ಊರೆಲ್ಲ ಆಡಿಕೊಂಡಿತು. ಅವರೂ ಅದನ್ನೇ ನಂಬಿದರು. ಯಾರು ಕರೆದರೂ "ನನ್ ಕೈ ಕೆಟ್ಟೋಗೈತೆ, ಬ್ಯಾಡ" ಎಂದು ಮನೆಯಲ್ಲೇ ಉಳಿದರು.

ತಡೆಯಲಾರದೆ ಹೋದ ತಿಂಗಳು ಹೋದೆ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ತಂಗಿಗೆ ಉಪ್ಪಿನ ವಿಷಯ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಳಗಡೆ ನೋಡಿ ದನಿ ತಗ್ಗಿಸಿದಳು.

"ಮೆಲ್ಲಗೆ ಮಾತಾಡಣ್ಣಯ್ಯ. ನಿಮ್ ಕೈಯಿಂದ್ಲೇ ಸೊಪ್ಪು ಆಳಾಯ್ತು ಅಂತ ನಾಲ್ಕು ಜನದ್ ಮುಂದೆ ನಾನೇ ಅವರ್ಗೆ ಅಂದ್ಬುಟ್ಟಿದೀನಿ. ಈಗ ನನ್ ತವರಿನ್ ಮಣ್ಣಿಂದ ಅಂತ ಗೊತ್ತಾದ್ರೆ ನಾನ್ ಯಾವ್ ಮೊಕ ಇಟ್ಕೊಂಡು ಈ ಮನೇಲಿರ್ಲಿ? ಹೇಳ್ಬೇಡ. ನನ್ನಾಣೆ."

ಊಟಕ್ಕೆ ಕೂತಾಗ ಭಾವ ತಟ್ಟೆಗೆ ಕೈ ಹಾಕಲಿಲ್ಲ. ನನ್ನ ಮುಖ ನೋಡದೆ ಹೇಳಿದರು: "ಅಷ್ಟು ದೂರದಿಂದ ಪ್ರೀತಿಯಾಗಿ ಮಣ್ಣು ಕಳ್ಸಿದ್ರಿ ಭಾವ. ಬೆಳೆನೂ ಚೆಂದಾಗೇ ಬಂತು. ನಾನು ಆಳ್ ಮಾಡ್ಬುಟ್ಟೆ. ಏನೂ ಅನ್ಕಬೇಡಿ."

ಬಾಗಿಲಲ್ಲಿ ತಂಗಿ ನನ್ನನ್ನೇ ನೋಡುತ್ತ ನಿಂತಿದ್ದಳು.

"ಇರ್ಲಿ ಬುಡಿ ಭಾವ, ಮನ್ಸಿಗೆ ಹಚ್ಕಬೇಡಿ" ಎಂದೆ. ಆಗ ಅವರು ತುತ್ತು ಎತ್ತಿದರು.