ಪೂರಾ ಸಾಮಾನಿನ ಕುಸ್ತಿ

ತಿಕೋಟಾದ ಫಕ್ರುದ್ದೀನನಿಗೆ ಎಡಗಿವಿ ಅರ್ಧ ಮಾತ್ರ ಇತ್ತು. ಉಳಿದರ್ಧ ಮೊದಲ ಮಹಾಯುದ್ಧದ ಕಾಲಕ್ಕೆ ಬಸ್ರಾ ಕಡೆಯ ಒಂದು ಕಂದಕದಲ್ಲಿ ತುರ್ಕಿ ಸಿಪಾಯಿಯೊಬ್ಬನ ಹಲ್ಲಿಗೆ ಸಿಕ್ಕು ಹೋಗಿತ್ತು. ಇಬ್ಬರೂ ಬೂಟು, ಕಾಲಪಟ್ಟಿ, ಗುಂಡಿನ ಚೀಲ, ನೀರಿನ ಡಬ್ಬಿ, ಬೆನ್ನಗಂಟು ಎಲ್ಲವನ್ನೂ ಹೊತ್ತುಕೊಂಡೇ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಆ ಭಾರದಲ್ಲಿ ಕೈ ಎತ್ತಲಾಗದೆ ಕೊನೆಗೆ ಒಬ್ಬನು ಬಾಯಿ ಬಳಸಿದ್ದ. ಹೇಗೆ ಗೆದ್ದೆ ಎಂದು ಊರಿನವರು ಕೇಳಿದರೆ ಫಕ್ರುದ್ದೀನ ಕುಸ್ತಿಯ ಯಾವ ಪಟ್ಟಿನ ಹೆಸರನ್ನೂ ಹೇಳುತ್ತಿರಲಿಲ್ಲ. "ಅಂವಗಿಂತ ಮೊದಲ ನಾ ಎದ್ದೆ. ಅಷ್ಟ," ಎನ್ನುತ್ತಿದ್ದ. ಕಥೆ ಕೇಳಲೆಂದೇ ಕಟ್ಟೆಗೆ ಬಂದು ಕೂತವರು ಬೇಸರದಿಂದ ಎದ್ದು ಹೋಗುತ್ತಿದ್ದರು.

೧೯೪೩ರಲ್ಲಿ ಇನ್ನೊಂದು ಯುದ್ಧ ನಡೆದಿತ್ತು. ಜೋಳ ರೇಷನ್ನಿಗೆ ಬಂದಿತ್ತು. ಧಾನ್ಯದ ಗೋದಾಮುಗಳನ್ನು ಕಾಯಲು ವಿಜಾಪುರದಲ್ಲಿ ಒಂದು ತುಕಡಿ ಕಟ್ಟಿದರು. ಅದರಲ್ಲಿ ಅರ್ಧ ಪೊಲೀಸರು, ಅರ್ಧ ಹಳೆಯ ಫೌಜಿನವರು. ನಲವತ್ತೇಳರ ಫಕ್ರುದ್ದೀನ ಹವಾಲದಾರನಾಗಿ ಸೇರಿದ. ತುಕಡಿಯ ಸಾಹೇಬನಿಗೆ ಕನ್ನಡ ಬರುತ್ತಿರಲಿಲ್ಲ. ಹೆಡ್ ಕ್ಲಾರ್ಕ ಶಿವಯೋಗೆಪ್ಪನಿಗೆ ಕನ್ನಡ, ಇಂಗ್ಲಿಷು ಎರಡೂ ಬರುತ್ತಿದ್ದುದರಿಂದ ತುಕಡಿಯನ್ನು ನಿಜವಾಗಿ ನಡೆಸುತ್ತಿದ್ದವನು ಅವನೇ. ಕಾಗದದ ಮೇಲೆ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ಅವನು ಮನಸಾರೆ ನಂಬಿದ್ದ.

ಒಂದು ದಿನ ಮೇಲಿನಿಂದ ಹುಕುಂ ಬಂತು. ಪ್ರತಿ ತುಕಡಿಯೂ ಪೂರ್ತಿ ಸಾಮಾನು ತೊಟ್ಟು ಕೈಗೆ ಕೈ ಹತ್ತಿಸಿ ಹೊಡೆದಾಡುವ ಒಂದು ತರಬೇತಿಯನ್ನು ಆರಿಸಿಕೊಳ್ಳತಕ್ಕದ್ದು, ಆರಿಸುವವರು ಮೂವರಿರತಕ್ಕದ್ದು, ಅವರಲ್ಲೊಬ್ಬನು ಅನುಭವಸ್ಥನಾಗಿರತಕ್ಕದ್ದು. ಹೀಗೆ ಸಾಹೇಬ ಮತ್ತು ಶಿವಯೋಗೆಪ್ಪನ ಪಕ್ಕದ ಮೂರನೆಯ ಕುರ್ಚಿ ಫಕ್ರುದ್ದೀನನಿಗೆ ಸಿಕ್ಕಿತು. ಅನುಭವಸ್ಥನು ಬಾಯಿ ತೆರೆಯತಕ್ಕದ್ದು ಎಂದು ಹುಕುಮಿನಲ್ಲಿ ಎಲ್ಲೂ ಇರಲಿಲ್ಲ.

ಪರೀಕ್ಷೆ ತೊರವಿ ರಸ್ತೆಯ ಬಯಲಿನಲ್ಲಿ ನಡೆಯಿತು. ಮೊದಲು ಬಂದವನು ಬಬಲೇಶ್ವರದ ಪೈಲ್ವಾನ ಬಸಗೊಂಡಪ್ಪ. ಲಂಗೋಟಿ ಬಿಗಿದು, ಎಣ್ಣೆ ಹಚ್ಚಿಕೊಂಡು, ನಾಲ್ಕು ಜವಾನರನ್ನು ನಾಲ್ಕು ಕ್ಷಣದಲ್ಲಿ ಮಲಗಿಸಿದ. ಸಾಹೇಬ ಚಪ್ಪಾಳೆ ತಟ್ಟಿದ.

"ಇದನ್ನ ಬೂಟು ಹಾಕ್ಕೊಂಡು ಮಾಡ್ತೀರೇನ್ರಿ?" ಎಂದು ಫಕ್ರುದ್ದೀನ ಕೇಳಿದ.

ಬಸಗೊಂಡಪ್ಪ ಪ್ರಾಮಾಣಿಕ ಮನುಷ್ಯ. ಮಾಡಿಯೇ ನೋಡೋಣವೆಂದ. ಅವನ ಕಾಲಿಗೆ ಬೂಟು, ಹೊಟ್ಟೆಗೆ ಬೆಲ್ಟು ಹುಡುಕುವುದರಲ್ಲೇ ಅರ್ಧ ತಾಸು ಹೋಯಿತು. ಕೊನೆಗೆ ಎಲ್ಲ ತೊಟ್ಟುಕೊಂಡು ಒಬ್ಬ ಜವಾನನ ಕುತ್ತಿಗೆಗೆ ಕೈ ಹಾಕಿದರೆ ಕೈಗೆ ಬಂದದ್ದು ನೀರಿನ ಡಬ್ಬಿ. ಇಬ್ಬರೂ ಉರುಳಿದರು. ಬೆನ್ನಗಂಟಿನ ಮೇಲೆ ಅಂಗಾತ ಬಿದ್ದ ಪೈಲ್ವಾನ ಮಗುಚಿದ ಆಮೆಯಂತೆ ಕೈಕಾಲು ಆಡಿಸಿ, ಏಳಲಾಗದೆ ನಗತೊಡಗಿದ. "ಇದು ನನ್ನ ಕಸಬಲ್ಲರಿ ಹವಾಲದಾರ್ರ," ಎಂದು ಒಪ್ಪಿಕೊಂಡು ಊರಿಗೆ ಹೋದ.

ಮರುದಿನ ಪುಣೆಯಿಂದ ಒಬ್ಬ ಮಾಸ್ತರ ಬಂದ. ತೆಳ್ಳಗಿನ ಮನುಷ್ಯ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಬಗಲಲ್ಲಿ ಕಟ್ಟು ಹಾಕಿಸಿದ ಮೂರು ಸರ್ಟಿಫಿಕೇಟು. ಅವನ ಹತ್ತಿರ ಒಟ್ಟು ಮೂವತ್ತಾರು ಪಟ್ಟುಗಳಿದ್ದವು, ಎಲ್ಲಕ್ಕೂ ನಂಬರುಗಳಿದ್ದವು. ನಂಬರು ಕೇಳಿದೊಡನೆ ಶಿವಯೋಗೆಪ್ಪನ ಮುಖ ಅರಳಿತು. ಬಯಲಿಗೆ ಹಾಸಲು ತನ್ನ ಮನೆಯ ಜಮಖಾನೆಯನ್ನೇ ತರಿಸಿದ. ಮಾಸ್ತರ ನಂಬರು ಕೂಗಿದ. ಮೊದಲೇ ಹೇಳಿಟ್ಟಿದ್ದ ಜವಾನರು ಹೇಳಿದ ಕಡೆಗೆ ಬಿದ್ದರು.

"ಮಾಸ್ತರ, ಬೆನ್ನ ಮ್ಯಾಲ ಗಂಟಿದ್ರ?" ಎಂದ ಫಕ್ರುದ್ದೀನ.

"ಶತ್ರು ಮೈಮೇಲೆ ಬಂದ ತಕ್ಷಣ ಮೊದಲು ಗಂಟನ್ನು ಕೆಳಗಿಳಿಸಬೇಕು," ಎಂದ ಮಾಸ್ತರ.

"ಅಲ್ಲೀತನಕ ನಿಂದ್ರಪಾ ಅಂತ ಶತ್ರೂಗ ಯಾರು ಹೇಳೂದ್ರಿ?"

ಹವಾಲದಾರ ಏನು ಹೇಳಿದನೆಂದು ಸಾಹೇಬ ಕೇಳಿದ. ಶಿವಯೋಗೆಪ್ಪ ಇಂಗ್ಲಿಷಿನಲ್ಲಿ ವಿನಯದಿಂದ, "ಇಷ್ಟು ಒಳ್ಳೆಯ ತರಬೇತಿಯನ್ನು ತಾನು ಬಸ್ರಾದಲ್ಲೂ ನೋಡಿಲ್ಲವಂತೆ" ಎಂದು ತಿಳಿಸಿದ. ಸಾಹೇಬ ಸಂತೋಷದಿಂದ ಫಕ್ರುದ್ದೀನನ ಕೈ ಕುಲುಕಿದ. ಮಾಸ್ತರ ಆಯ್ಕೆಯಾದ.

ಎರಡು ತಿಂಗಳು ತುಕಡಿ ಜಮಖಾನೆಯ ಮೇಲೆ ಕುಣಿಯಿತು. ಪಟ್ಟು ಹಾಕುವ ಮೊದಲು ಅದರ ನಂಬರನ್ನು ಗಟ್ಟಿಯಾಗಿ ಕೂಗಬೇಕೆಂಬುದು ಮಾಸ್ತರನ ಕಟ್ಟಪ್ಪಣೆ. ಫಕ್ರುದ್ದೀನ ಮೂಲೆಯಲ್ಲಿ ನಿಂತು ನೋಡಿದ. ಮನೆಗೆ ಬಂದು ಹೆಂಡತಿ ಬಾನುಬಿಗೆ ಹೇಳಿದರೆ ಅವಳು, "ಹೌದ್ರಿ, ನಾನೂ ನಿಮ್ಮನ್ನ ಬೈಯೂಕಿಂತ ಮೊದಲ ನಂಬರ್ ಹೇಳಬೇಕಿತ್ತು. ತಯಾರಾಗಿ ಕುಂದರತಿದ್ರಿ," ಎಂದಳು.

ತಿಕೋಟಾದ ಸಂತೆಯ ದಿನ ಗೋದಾಮಿನ ಮುಂದೆ ರೇಷನ್ ಜೋಳ ಹಂಚುತ್ತಿದ್ದರು. ಬಿಜ್ಜರಗಿಯ ಕುರಿ ಕಾಯುವ ಹನಮವ್ವ ಬೆಳಗಿನಿಂದ ಸಾಲಿನಲ್ಲಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳ ಸರದಿ ಬಂದಾಗ, ಪೂರ್ತಿ ಸಾಮಾನು ಹೊತ್ತು ಕಾವಲಿಗಿದ್ದ ತುಕಡಿಯ ಒಬ್ಬ ಜವಾನ ಇವತ್ತಿನದು ಮುಗಿಯಿತೆಂದು ಅವಳ ಚೀಲ ಕಿತ್ತು ಎಸೆದ. ಒಳಗೆ ಜೋಳ ಇದ್ದದ್ದು ಅವಳಿಗೆ ಕಾಣುತ್ತಿತ್ತು.

"ಚೀಲ ಎತ್ತಿ ಕೊಡೋ," ಎಂದಳು. ಅವನು ಅವಳನ್ನು ನೂಕಿದ.

ಹನಮವ್ವ ಒಂದು ಕೈಯಿಂದ ಅವನ ಎದೆಯ ಅಡ್ಡಪಟ್ಟಿ ಹಿಡಿದು ತಿರುವಿದಳು, ಇನ್ನೊಂದರಿಂದ ಮೊಣಕಾಲ ಹಿಂಭಾಗವನ್ನು ಎಳೆದಳು. ಜವಾನ ಬೆನ್ನಗಂಟಿನ ಮೇಲೆ ಕೂತು, ಅಲ್ಲಿಂದ ಅಂಗಾತ ಬಿದ್ದ. ಎರಡನೆಯವನು ಓಡಿಬಂದು "ಹನ್ನೊಂದು" ಎಂದು ಕೂಗಿದ. ಹನ್ನೊಂದೆಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ಕೂಗುವವನು ನಿಂತಿದ್ದಾನೆಂಬುದಷ್ಟೇ ಗೊತ್ತಾಯಿತು. ಅವನೂ ಬಿದ್ದ. ಮೂರನೆಯವನು ಇಪ್ಪತ್ತೋ ಇಪ್ಪತ್ತೊಂದೋ ಎಂಬ ಅನುಮಾನದಲ್ಲಿರುವಾಗಲೇ ನೆಲ ಕಂಡ. ಮೂವರೂ ಏಳಲಾಗದೆ ಒದ್ದಾಡುತ್ತಿದ್ದಾಗ ಅವಳು ಖಾಲಿ ಚೀಲ ಕೊಡವಿಕೊಂಡು ಹೊರಟುಹೋದಳು.

ಹವಾಲದಾರನಾಗಿ ಫಕ್ರುದ್ದೀನ ಅವಳನ್ನು ಹಿಡಿಯಬೇಕಿತ್ತು. ಅವನು ಗೋದಾಮಿನ ಬಾಗಿಲಲ್ಲಿ ನಿಂತು ಬಾಯಿ ತೆರೆದು ನೋಡುತ್ತಿದ್ದ. ಬಸ್ರಾ ಬಿಟ್ಟ ಮೇಲೆ ಮೊದಲ ಸಲ ಅವನಿಗೆ ಪೂರ್ತಿ ಸಾಮಾನಿನ ಕುಸ್ತಿ ಬಲ್ಲವರೊಬ್ಬರು ಕಂಡಿದ್ದರು.

ಮರುದಿನ ಅವನು ಎಲ್ಲ ಸಾಮಾನು ಹೇರಿಕೊಂಡು ಬಿಜ್ಜರಗಿಗೆ ನಡೆದ. ಹನಮವ್ವ ಹಟ್ಟಿಯ ಮುಂದೆ ಟಗರಿನ ಉಣ್ಣೆ ಕತ್ತರಿಸುತ್ತಿದ್ದಳು.

"ಹಿಡಕೊಂಡ ಹೋಗಾಕ ಬಂದೀರೇನ್ರಿ? ಇದೊಂದು ಟಗರ ಮುಗೀಲಿ."

"ಹಿಡಿಯಾಕ ಬಂದಿಲ್ಲಬೇ, ಕಲಿಯಾಕ ಬಂದೇನಿ. ಮೂರು ಮಂದೀನ ಹೆಂಗ ಕೆಡವಿದಿ?"

"ನಾ ಎಲ್ಲಿ ಕೆಡವೇನಿ? ಮೈತುಂಬ ಹಿಡಿಕಿ ಕಟಗೊಂಡು ಬಂದಿದ್ರು. ಉಣ್ಣಿ ಬೆಳದ ಟಗರಿನಂಗ, ಎಲ್ಲಿ ಕೈ ಹಾಕಿದ್ರೂ ಸಿಗತಾರ. ಬೋಳಿಸಿದ್ದು ಹಿಡಿಯೂದ ಕಷ್ಟ, ಜಾರತೈತಿ."

ಎಣ್ಣೆ ಹಚ್ಚಿದ ಬಸಗೊಂಡಪ್ಪ ನೆನಪಾಗಿ ಫಕ್ರುದ್ದೀನ ನಕ್ಕ. ಅಡ್ಡಪಟ್ಟಿ ಬಿಗಿದುಕೊಂಡು ಅವಳೆದುರು ನಿಂತ. ಅವಳು ಸ್ವಲ್ಪ ನಾಚಿಕೊಂಡಳು, ಆಮೇಲೆ ಕೆಡವಿದಳು. ಅವನು ಅಂಗಾತ ಬಿದ್ದು ಒದ್ದಾಡುವಾಗ, "ಮ್ಯಾಲ ನೋಡಿದ್ರ ಏಳಾಕ ಬರಂಗಿಲ್ರಿ. ಮಗ್ಗಲಾ ಹೊಳ್ಳರಿ, ಮೊಣಕಾಲ ಮಡಚರಿ. ಟಗರ ಹಂಗ ಏಳತಾವ," ಎಂದಳು. ಬಸ್ರಾದಲ್ಲಿ ತಾನು ಹೇಗೆ ಎದ್ದಿದ್ದೆನೆಂದು ಅವನಿಗೆ ಅವತ್ತು ಸರಿಯಾಗಿ ನೆನಪಾಯಿತು.

ಸಂಜೆ ಬಾನುಬಿ ಅವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತ, "ಬಸ್ರಾದಾಗ ಕಿವಿ ಕೊಟ್ರಿ, ಬಿಜ್ಜರಗ್ಯಾಗ ಸೊಂಟ ಕೊಟ್ರಿ. ಮುಂದಿನ ಲಡಾಯಿಗೆ ಏನ ಉಳಿಸೀರಿ?" ಎಂದಳು.

ಆಮೇಲೆ ವಾರಕ್ಕೆರಡು ದಿನ ಫಕ್ರುದ್ದೀನ ತುಕಡಿಯನ್ನು, ರಿಜಿಸ್ಟರಿನಲ್ಲಿ "ದೂರ ನಡಿಗೆ" ಎಂದು ಬರೆಸಿ, ಬಿಜ್ಜರಗಿಗೆ ಕರೆದೊಯ್ದ. ಜವಾನರು ಮೊದಲು ಟಗರುಗಳನ್ನು ಕೆಡವಿದರು, ಹೆಚ್ಚಾಗಿ ಟಗರುಗಳೇ ಇವರನ್ನು ಕೆಡವಿದವು. ನಂತರ ಒಬ್ಬರನ್ನೊಬ್ಬರು ಕೆಡವಿ, ಮಗ್ಗುಲಾಗಿ ಏಳುವುದನ್ನು ಕಲಿತರು. ನಂಬರು ಕೂಗಿದವನಿಗೆ ಹನಮವ್ವ ಮಜ್ಜಿಗೆ ಕೊಡುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ದೊಡ್ಡ ಸಾಹೇಬ ತಪಾಸಣೆಗೆ ಬಂದ. ಜಮಖಾನೆ ತೆಗೆಸಿದ, ಪೂರ್ತಿ ಸಾಮಾನು ಹೇರಿಸಿದ, ಹೊಡೆದಾಡಿ ಎಂದ. ಮಾಸ್ತರ ಬಿಳಿಚಿಕೊಂಡು "ನಾಲ್ಕು" ಎಂದು ಕೂಗಿದ. ಯಾರೂ ಕಿವಿಗೊಡಲಿಲ್ಲ. ಅಡ್ಡಪಟ್ಟಿ ಹಿಡಿದು ತಿರುವಿದರು, ಕೆಡವಿದರು, ಬಿದ್ದವರು ಹೊರಳಿ ಎದ್ದರು. ದೊಡ್ಡ ಸಾಹೇಬ ಇದು ಯಾವ ವಿದ್ಯೆಯೆಂದು ಕೇಳಿದ. ಶಿವಯೋಗೆಪ್ಪ ಕಣ್ಣು ಮಿಟುಕಿಸದೆ, ಮಾಸ್ತರನ ಮೂವತ್ತೇಳನೆಯ ಪಟ್ಟು ಎಂದ. ಮಾಸ್ತರನಿಗೆ ನಾಲ್ಕನೆಯ ಸರ್ಟಿಫಿಕೇಟು ಬಂತು. ಸರಕಾರಿ ಅಡ್ಡಪಟ್ಟಿಗಳು ಹರಿದದ್ದೇಕೆಂದು ಫಕ್ರುದ್ದೀನನಿಗೆ ನೋಟೀಸು ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ಸಂತೆಯ ದಿನದ ಗಲಾಟೆಯ ಬಗ್ಗೆ ಹನಮವ್ವನ ಮೇಲೆ ಶಿವಯೋಗೆಪ್ಪ ಒಂದು ಫೈಲು ತೆರೆದಿಟ್ಟಿದ್ದ. ಅದಕ್ಕೆ ಜವಾನರ ಹೇಳಿಕೆ ಬೇಕಿತ್ತು. ಹೆಂಗಸು ಕೆಡವಿದಳೆಂದು ಬರೆದುಕೊಡಲು ಒಬ್ಬನೂ ತಯಾರಿರಲಿಲ್ಲ. ಮೊದಲನೆಯವನು ಕಾಲು ಜಾರಿತೆಂದ, ಎರಡನೆಯವನು ಬಿಸಿಲಿಗೆ ತಲೆ ತಿರುಗಿತೆಂದ, ಮೂರನೆಯವನು ತಾನು ಅಂದು ರಜೆಯಲ್ಲಿದ್ದೆನೆಂದ.

"ನೀ ಕಣ್ಣಾರೆ ಕಂಡೀಯಲ್ಲ, ನೀ ಬರಕೊಡು," ಎಂದು ಶಿವಯೋಗೆಪ್ಪ ಫಕ್ರುದ್ದೀನನನ್ನು ಕರೆಸಿದ.

"ಬರಕೊಡ್ತೀನ್ರಿ. 'ಜವಾನರು ಮಾಸ್ತರು ಕಲಿಸಿದ ಹನ್ನೊಂದನೆಯ ಪಟ್ಟನ್ನು ಸರಿಯಾಗಿ ಹಾಕಿದರು. ಆದ ಕಾರಣ ಬಿದ್ದರು.' ಇಷ್ಟ ನಾ ಕಂಡಿದ್ದು. ಸಹಿ ಎಲ್ಲಿ ಮಾಡ್ಲಿ?"

ಶಿವಯೋಗೆಪ್ಪ ಅವನ ಮುಂದಿಟ್ಟಿದ್ದ ಖಾಲಿ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡ. ಫೈಲನ್ನು ದಾರದಿಂದ ಕಟ್ಟಿ ಕಪಾಟಿನ ಮೇಲೆ ಎಸೆದ.

ಆ ವಾರ ಫಕ್ರುದ್ದೀನ ಹನಮವ್ವನ ಪಾಲಿನ ಜೋಳವನ್ನು ತಾನೇ ಹೊತ್ತುಕೊಂಡು ಬಿಜ್ಜರಗಿಗೆ ಹೋದ. ಅವಳು ಚೀಲ ಬಿಚ್ಚಿ ಒಂದು ಹಿಡಿ ಅಂಗೈಗೆ ಸುರುವಿಕೊಂಡಳು. ನುಸಿ ಹಿಡಿದ ಜೋಳ. ಊದಿದರೆ ಅರ್ಧ ಹಾರಿಹೋಯಿತು. ಅವಳು ಅವನ ಬೂಟು, ಬೆಲ್ಟು, ಬಂದೂಕುಗಳನ್ನು ಒಂದೊಂದಾಗಿ ನೋಡಿದಳು.

"ಇದನ್ನ ಕಾಯಾಕ ಇಷ್ಟೆಲ್ಲಾ ಹೊತ್ತ ನಿಂದರತೀರೇನ್ರಿ?"

ಫಕ್ರುದ್ದೀನ ಬಂದೂಕನ್ನು ಗೋಡೆಗೆ ಒರಗಿಸಿದ. ಹಟ್ಟಿಯ ಮುಂದೆ ಒಂದು ಟಗರು ಉಣ್ಣೆ ಕತ್ತರಿಸಿಕೊಳ್ಳಲು ಕಾಯುತ್ತಿತ್ತು. ಅವನು ಅದರ ಕಾಲು ಹಿಡಿದುಕೊಂಡು ಕೂತ.